ಕುದುರೆ ಸವಾರಿಯ ಜಾಕೆಟ್: ಯಾವ ಕಾಲಕ್ಕೆ ಯಾವುದು? ಚಿತ್ರದುರ್ಗ, ದಾವಣಗೆರೆ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಸವಾರಿ ಕಲಿಯುತ್ತಿರುವವರು, ತೋಟದಲ್ಲಿ ಒಂದೆರಡು ಕುದುರೆ ಕಟ್ಟಿಕೊಂಡವರು, ಮಕ್ಕಳನ್ನು ಸವಾರಿಗೆ ಸೇರಿಸಿದವರು, ಎಲ್ಲರೂ ಜಾಕೆಟ್ ಬಗ್ಗೆ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಆನ್‌ಲೈನ್‌ನಲ್ಲಿ ಸಿಗುವ ಸಲಹೆಗಳೆಲ್ಲ ಹಿಮ ಬೀಳುವ ದೇಶದವರಿಗೆ ಬರೆದವು. ನಮ್ಮ ಬಿಸಿಲು, ನಮ್ಮ ಆಷಾಢದ ಗಾಳಿ, ನಮ್ಮ ಬಳ್ಳಾರಿ ಜಾಲಿಯ ಮುಳ್ಳು ಅವರ ಲೆಕ್ಕದಲ್ಲಿಲ್ಲ. ಇಲ್ಲಿನ ಉತ್ತರಗಳು ಈ ಎರಡು ಜಿಲ್ಲೆಯ ಹವೆಗೆ.

ನಮ್ಮ ಕಡೆ ಅಂಥ ಚಳಿಯೇ ಇಲ್ಲ. ಜಾಕೆಟ್ ಯಾಕೆ ಬೇಕು?

ಚಳಿಗಲ್ಲ, ಗಾಳಿಗೆ ಬೇಕು. ಚಿತ್ರದುರ್ಗದ ಸುತ್ತ ಗುಡ್ಡಗಳ ಮೇಲೆ ಸಾಲುಸಾಲು ಗಾಳಿ ಫ್ಯಾನು ನಿಲ್ಲಿಸಿದ್ದಾರಲ್ಲ, ಸುಮ್ನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಿಡದೆ ಬೀಸುತ್ತದೆ. ನೆಲದ ಮೇಲೆ ನಿಂತವರಿಗೆ ಬೇಲಿ, ಬದು, ಗೋಡೆ ಏನಾದರೂ ಮರೆ ಸಿಗುತ್ತದೆ. ಕುದುರೆ ಮೇಲೆ ಕೂತವರ ತಲೆ ಏಳೆಂಟು ಅಡಿ ಎತ್ತರದಲ್ಲಿರುತ್ತದೆ, ಅಲ್ಲಿ ಮರೆ ಎಲ್ಲಿಂದ ಬರಬೇಕು?

ಅದರ ಜೊತೆ ಕುದುರೆಯ ವೇಗವೂ ಸೇರಿಕೊಳ್ಳುತ್ತದೆ. ಟ್ರಾಟ್‌ನಲ್ಲಿ, ಅಂದರೆ ಕುಲುಕು ಓಟದಲ್ಲಿ, ಕುದುರೆ ಗಂಟೆಗೆ ಸುಮಾರು 13 ಕಿ.ಮೀ. ಹೋಗುತ್ತದೆ. ಅದಕ್ಕಿಂತ ಜೋರಿನ ಓಟವಾದ ಕ್ಯಾಂಟರ್‌ನಲ್ಲಿ 16ರಿಂದ 25 ಕಿ.ಮೀ. ಎದುರುಗಾಳಿ ಇದ್ದರೆ ಎರಡೂ ಕೂಡಿ ನಿಮ್ಮ ಎದೆಗೆ ಬಡಿಯುತ್ತವೆ. ಟ್ರಾಟ್ ಮಾಡಿದವರ ಬೆನ್ನು ಬೆವತಿರುತ್ತದೆ. ಆ ಬೆವರು ಗಾಳಿಗೆ ಬೇಗ ಆರುತ್ತದೆ, ಆರುವಾಗ ಮೈಯ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಹೀಗಾಗಿ ಥರ್ಮಾಮೀಟರ್ 22 ಡಿಗ್ರಿ ತೋರಿಸುತ್ತಿದ್ದರೂ ನಡುಕ ಬರಬಹುದು. ಮೈ ಸೆಟೆದುಕೊಂಡ ಸವಾರನ ಕೈಯೂ ಬಿಗಿಯಾಗುತ್ತದೆ, ಲಗಾಮು ಎಳೆದಂತಾಗುತ್ತದೆ, ಕುದುರೆಗೆ ಏನು ಹೇಳುತ್ತಿದ್ದೀರಿ ಅಂತ ತಿಳಿಯುವುದಿಲ್ಲ.

ಒಂದೇ ಒಂದು ಜಾಕೆಟ್‌ಗೆ ದುಡ್ಡಿದೆ. ಯಾವುದು ಕೊಳ್ಳಲಿ?

ಗಾಳಿ ತಡೆಯುವ ತೆಳು ಜಾಕೆಟ್. ಅಂಗಡಿಯಲ್ಲಿ ಸಾಫ್ಟ್‌ಶೆಲ್ ಅಂತ ಕೇಳಿ. ಹೊರಗೆ ನಯವಾದ, ಸ್ವಲ್ಪ ಎಳೆದರೆ ಹಿಗ್ಗುವ ಬಟ್ಟೆ. ಒಳಗೆ ದಪ್ಪ ಅಸ್ತರು ಇರಬಾರದು. ಉದ್ದ ಸೊಂಟದ ಮೂಳೆವರೆಗೆ ಸಾಕು. ಜಿಪ್ಪು ಮೇಲಿಂದಲೂ ಕೆಳಗಿಂದಲೂ ತೆರೆಯುವಂಥದ್ದಾಗಿರಲಿ.

ಇದು ಜೂನ್‌ನಿಂದ ಫೆಬ್ರುವರಿವರೆಗೆ ಕೆಲಸಕ್ಕೆ ಬರುತ್ತದೆ. ಚಳಿ ಜಾಸ್ತಿಯಾದರೆ ಒಳಗೊಂದು ಸ್ವೆಟರ್ ಹಾಕಿಕೊಳ್ಳಿ. ತುಂತುರು ಮಳೆ ತಡೆಯುತ್ತದೆ, ಜಡಿಮಳೆ ತಡೆಯುವುದಿಲ್ಲ. ಜಡಿಮಳೆಯಲ್ಲಿ ಸವಾರಿ ಮಾಡುವ ಪ್ರಮೇಯ ನಮ್ಮಲ್ಲಿ ಎಷ್ಟು ಸಲ ಬರುತ್ತದೆ, ಅಲ್ವಾ? ಮಳೆಯ ಜಾಕೆಟ್ಟನ್ನು ಎರಡನೆಯದಾಗಿ ಕೊಳ್ಳಿ. ಹತ್ತಿ ತುಂಬಿದಂತೆ ಉಬ್ಬಿದ ದಪ್ಪ ಜರ್ಕಿನ್ ಎಲ್ಲಕ್ಕಿಂತ ಕೊನೆಗೆ. ಬೇಡವೇ ಬೇಡ ಅಂದರೂ ನಷ್ಟವಿಲ್ಲ.

ಮನೆಯಲ್ಲಿ ಬೈಕ್ ಓಡಿಸುವ ರೈಡಿಂಗ್ ಜಾಕೆಟ್ ಇದೆ. ಅದೇ ನಡೆಯುತ್ತಾ?

ಇದು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ. ಫೋನಿನಲ್ಲಿ ರೈಡಿಂಗ್ ಜಾಕೆಟ್ ಅಂತ ಹುಡುಕಿದರೆ ಬರುವುದೆಲ್ಲ ಬೈಕಿನದೇ. ಉತ್ತರ: ನಡೆಯುವುದಿಲ್ಲ.

ಬೈಕ್ ಜಾಕೆಟ್ ಮಾಡಿರುವುದು ಡಾಂಬರಿನ ಮೇಲೆ ಜಾರಿಕೊಂಡು ಹೋದಾಗ ಚರ್ಮ ತರಚದಿರಲಿ ಅಂತ. ಅದಕ್ಕೆ ಬಟ್ಟೆ ದಪ್ಪ. ಮೊಣಕೈ, ಭುಜದಲ್ಲಿ ಗಟ್ಟಿ ಪ್ಯಾಡು. ತೋಳು ಹ್ಯಾಂಡಲ್ ಹಿಡಿಯುವ ಭಂಗಿಗೆ ಮೊದಲೇ ಬಾಗಿಸಿ ಹೊಲಿದಿರುತ್ತದೆ. ಕುದುರೆ ಮೇಲೆ ಬೆನ್ನು ನೆಟ್ಟಗಿರಬೇಕು, ಮೊಣಕೈ ಪಕ್ಕೆಯ ಹತ್ತಿರ ಸಡಿಲವಾಗಿ ತೂಗಬೇಕು, ಕುದುರೆಯ ತಲೆ ಆಡಿದಂತೆ ಕೈ ಹಿಂದೆ ಮುಂದೆ ಹೋಗಬೇಕು. ಬೈಕ್ ಜಾಕೆಟ್ ತೊಟ್ಟರೆ ಇದಾವುದೂ ಆಗುವುದಿಲ್ಲ.

ಇನ್ನೊಂದು ಮಾತು ಮುಖ್ಯ. ಪ್ಯಾಡು ಇದೆ, ಆದ್ದರಿಂದ ಕುದುರೆಯಿಂದ ಬಿದ್ದರೂ ಏನಾಗುವುದಿಲ್ಲ ಅಂತ ಅಂದುಕೊಳ್ಳುತ್ತಾರೆ. ಕುದುರೆಯಿಂದ ಬೀಳುವವರು ಜಾರುವುದಿಲ್ಲ, ದೊಪ್ಪನೆ ಬೀಳುತ್ತಾರೆ. ಪೆಟ್ಟು ಪಕ್ಕೆಲುಬಿಗೆ, ಬೆನ್ನಿಗೆ. ಕೆಲವೊಮ್ಮೆ ಮೇಲಿಂದ ಗೊರಸು ಬೇರೆ. ಅದಕ್ಕೆ ಬೇಕಾದದ್ದು ಬಾಡಿ ಪ್ರೊಟೆಕ್ಟರ್, ಅಂದರೆ ಎದೆ, ಬೆನ್ನು ಕಾಯುವ ತೋಳಿಲ್ಲದ ಕವಚ. ಅದರ ಬಗ್ಗೆ ಕೆಳಗೆ ಹೇಳಿದೆ.

ಸೈಜ್ ಸರಿ ಇದೆಯಾ ಅಂತ ಹೇಗೆ ನೋಡುವುದು?

ಅಂಗಡಿಯ ಕನ್ನಡಿ ಮುಂದೆ ನಿಂತು ನೋಡಿದರೆ ಎಲ್ಲ ಜಾಕೆಟ್ಟೂ ಚಂದವೇ. ಕೂತು ನೋಡಿ. ಒಂದು ಪ್ಲಾಸ್ಟಿಕ್ ಸ್ಟೂಲ್ ತರಿಸಿಕೊಳ್ಳಿ. ಅದರ ಮೇಲೆ ಕಾಲು ಅಗಲಿಸಿ, ಎರಡೂ ಕಡೆ ಪಾದ ಊರಿ, ಬೆನ್ನು ನೆಟ್ಟಗಿಟ್ಟು ಕೂತುಕೊಳ್ಳಿ. ಅಂಗಡಿಯವರು ನಕ್ಕರೆ ನಗಲಿ. ಈಗ ಜಿಪ್ಪು ಪೂರ್ತಿ ಹಾಕಿ. ಹೊಟ್ಟೆಯ ಹತ್ತಿರ ಬಟ್ಟೆ ಮೇಲಕ್ಕೆ ಉಬ್ಬಿ ಗದ್ದಕ್ಕೆ ಬರುತ್ತಿದೆಯಾ? ಹಾಗಾದರೆ ಉದ್ದ ಜಾಸ್ತಿಯಾಯಿತು, ಇಲ್ಲವೇ ಕೆಳಗಿನ ಜಿಪ್ಪು ತೆರೆಯಲು ಬರಬೇಕು.

ಎರಡೂ ಕೈ ಲಗಾಮು ಹಿಡಿದ ಹಾಗೆ ಮುಂದೆ ತನ್ನಿ. ಮಣಿಕಟ್ಟು ಬರಿದಾಗಬಾರದು. ಆಮೇಲೆ ಕೈ ಇನ್ನೂ ಮುಂದೆ ಚಾಚಿ, ಕುದುರೆಯ ಕುತ್ತಿಗೆ ತಟ್ಟುವ ಹಾಗೆ. ಬೆನ್ನಿನ ಮೇಲೆ ಬಟ್ಟೆ ಬಿಗಿದರೆ, ಕಂಕುಳಲ್ಲಿ ಕೊರೆದರೆ ಅದು ಬೇಡ. ಹಿಂದಿನ ಅಂಚು ಸ್ಟೂಲಿಗೆ ತಾಗಿ ಮಡಚಿಕೊಂಡಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ. ಜೀನಿನ ಹಿಂಬದಿ ಏರಿರುತ್ತದೆ. ಅದರ ಮೇಲೆ ಜಾಕೆಟ್ ಕೂತರೆ ಪ್ರತಿ ಹೆಜ್ಜೆಗೂ ಮೇಲಕ್ಕೆ ತಳ್ಳುತ್ತದೆ. ಮುಂದಿನ ಅಂಚು ಜೀನಿನ ಮುಂಭಾಗಕ್ಕೆ ಸಿಕ್ಕಿಕೊಳ್ಳುವಷ್ಟು ಉದ್ದವಿದ್ದರೆ ಅದು ಅಪಾಯ. ಇಳಿಯುವಾಗ ನೀವು ಕೆಳಗೆ, ಜಾಕೆಟ್ ಮೇಲೆ.

ಮಂಡಿವರೆಗೆ ಬರುವ ಉದ್ದನೆಯ ಸವಾರಿ ಕೋಟು ಬೇಕೆಂದರೆ ಹಿಂದೆ ಸೀಳು ಇರಲೇಬೇಕು. ಆ ಸೀಳು ಜೀನಿನ ಎರಡೂ ಕಡೆಗೆ ಇಳಿಬೀಳುವಷ್ಟು ಆಳ ಇರಬೇಕು.

ಮಾರ್ಚ್, ಏಪ್ರಿಲ್ ಬಿಸಿಲಿಗೆ ಜಾಕೆಟ್ ಹಾಕುವುದಾ? ಹುಚ್ಚಾ?

ಜಾಕೆಟ್ ಬೇಡ, ಆದರೆ ತುಂಬು ತೋಳು ಬೇಕು. ದಾವಣಗೆರೆಯಲ್ಲಿ ಏಪ್ರಿಲ್‌ನ ಬಿಸಿಲು 37–38 ಡಿಗ್ರಿ ಮುಟ್ಟುತ್ತದೆ. ಬರಿತೋಳಿನಲ್ಲಿ ಗಂಟೆಗಟ್ಟಲೆ ಸವಾರಿ ಮಾಡಿದರೆ ಚರ್ಮ ಸುಡುತ್ತದೆ. ತಿಳಿ ಬಣ್ಣದ, ತೆಳು ಪಾಲಿಯೆಸ್ಟರ್‌ನ ತುಂಬುತೋಳಿನ ಟೀ ಶರ್ಟ್ ಒಳ್ಳೆಯದು. ಕಂಕುಳಿನ ಕೆಳಗೆ ಜಾಲರಿ ಬಟ್ಟೆ ಇದ್ದರೆ ಇನ್ನೂ ಒಳ್ಳೆಯದು. ಹತ್ತಿ ಅಂಗಿ ಹಾಕುತ್ತೇವೆ ಅನ್ನುವವರು ಹಾಕಲಿ, ಒಣ ಬಿಸಿಲಿನಲ್ಲಿ ಒದ್ದೆ ಹತ್ತಿ ತಂಪು ಕೊಡುತ್ತದೆ. ಬೆವರು ಆರದೆ ಅಂಟಿಕೊಂಡರೆ ತೊಡೆ, ಕಂಕುಳು ಉಜ್ಜಿ ಹಣ್ಣಾಗುತ್ತದೆ, ಅಷ್ಟೇ ತೊಂದರೆ.

ನಿಜ ಹೇಳಬೇಕೆಂದರೆ ಏಪ್ರಿಲ್‌ನಲ್ಲಿ ಬಟ್ಟೆಗಿಂತ ಗಡಿಯಾರ ಮುಖ್ಯ. ಬೆಳಗ್ಗೆ ಆರಕ್ಕೆ ಕುದುರೆ ಹತ್ತಿ ಎಂಟರೊಳಗೆ ಲಾಯಕ್ಕೆ ವಾಪಸ್ ಬನ್ನಿ. ನಿಮಗೆ ಸಿಗುವ ನೆರಳಿನ ಅಂಗಿ ಕುದುರೆಗೆ ಸಿಗುವುದಿಲ್ಲ.

ಕಪ್ಪು ಜಾಕೆಟ್ ಹಾಕಬಾರದಾ?

ಚಳಿಗಾಲಕ್ಕೆ ಹಾಕಿ. ಬೇಸಿಗೆಗೆ ಬೇಡ. ಬಿಳಿಯಂತೂ ಯಾವ ಕಾಲಕ್ಕೂ ಬೇಡ. ಯಾಕೆ ಅಂತ ಕುದುರೆ ಒಂದು ಸಲ ಮೂತಿ ಒರೆಸಿದರೆ ತಿಳಿಯುತ್ತದೆ.

ಮೇ ತಿಂಗಳ ಸಂಜೆ ಗುಡುಗು ಮಳೆಗೆ ಯಾವ ಜಾಕೆಟ್?

ಯಾವುದೂ ಇಲ್ಲ. ಭರಣಿ, ಕೃತ್ತಿಕಾ ಮಳೆ ಬರುವ ಹೊತ್ತಿಗೆ ಮಧ್ಯಾಹ್ನದ ನಂತರ ಮೋಡ ಕಟ್ಟಿ, ಮೊದಲು ಧೂಳು ಗಾಳಿ, ಆಮೇಲೆ ಸಿಡಿಲು, ಕೆಲವೊಮ್ಮೆ ಆಲಿಕಲ್ಲು. ಬಯಲಿನಲ್ಲಿ ಕುದುರೆ ಮೇಲೆ ಕೂತವರೇ ಎಲ್ಲರಿಗಿಂತ ಎತ್ತರ. ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮ್ಮನ್ನು ತಲುಪುವಷ್ಟು ಹತ್ತಿರ ಇದೆ ಅಂತ ಅರ್ಥ. ಲಾಯ ಹತ್ತಿರವಿದ್ದರೆ ತಿರುಗಿ ಹೊರಡಿ. ದೂರವಿದ್ದರೆ ಇಳಿದು ತಗ್ಗು ಜಾಗಕ್ಕೆ ಹೋಗಿ. ಒಂಟಿ ಮರದ ಕೆಳಗೆ, ತಂತಿ ಬೇಲಿಯ ಪಕ್ಕ ನಿಲ್ಲಬೇಡಿ.

ಆಷಾಢದ ಗಾಳಿಗೆ ಏನು ನೋಡಿಕೊಳ್ಳಬೇಕು?

ನಮ್ಮ ಸೀಮೆಯ ಸವಾರರಿಗೆ ಇದೇ ನಿಜವಾದ ಕಾಲ. ಜಾಕೆಟ್ಟಿನ ಗುಣ, ಅವಗುಣ ಎರಡೂ ಗೊತ್ತಾಗುವುದು ಆಗಲೇ.

ಮೊದಲನೆಯದು ಸದ್ದು. ಅಗ್ಗದ ನೈಲಾನ್ ಜಾಕೆಟ್ ಪ್ರತಿ ಸಲ ಕೈ ಆಡಿಸಿದಾಗಲೂ ಸರಸರ ಅನ್ನುತ್ತದೆ. ನಮಗೆ ಅದು ಕೇಳಿಸುವುದೂ ಇಲ್ಲ. ಕುದುರೆಯ ಕಿವಿ ಮಾತ್ರ ಹಿಂದಕ್ಕೆ ತಿರುಗಿಕೊಂಡೇ ಇರುತ್ತದೆ. ಗಾಳಿಯ ದಿನ ಕುದುರೆಗಳು ಹೇಗೂ ಬೆದರುವುದು ಜಾಸ್ತಿ. ವಾಸನೆ ಎತ್ತಲಿಂದ ಬಂತು, ಸದ್ದು ಎತ್ತಲಿಂದ ಬಂತು ಅಂತ ಅವಕ್ಕೆ ತಿಳಿಯುವುದಿಲ್ಲ. ಅದರ ಮೇಲೆ ನಿಮ್ಮ ಬೆನ್ನ ಹಿಂದೆ ಬಟ್ಟೆ ಪಟಪಟ ಬಡಿದರೆ ಕೇಳಬೇಕೆ? ಕೊಳ್ಳುವ ಮುಂಚೆ ಎರಡೂ ತೋಳು ಒಂದಕ್ಕೊಂದು ಉಜ್ಜಿ ಸದ್ದು ಕೇಳಿ.

ಎರಡನೆಯದು ಟೊಪ್ಪಿಗೆ. ಜಾಕೆಟ್ಟಿಗೆ ಹೊಲಿದ ಟೊಪ್ಪಿಗೆ ಗಾಳಿ ತುಂಬಿಕೊಂಡು ಬೆನ್ನಿನ ಹಿಂದೆ ಹಾರುತ್ತದೆ. ಹೆಲ್ಮೆಟ್ ಮೇಲೆ ಎಳೆದುಕೊಂಡರೆ ಪಕ್ಕದ ನೋಟ ಹೋಗುತ್ತದೆ, ಕಿವಿಗೂ ಸದ್ದು ಕೇಳುವುದಿಲ್ಲ. ಹೆಲ್ಮೆಟ್ ಒಳಗೆ ಟೊಪ್ಪಿಗೆ ಹಾಕುವುದಂತೂ ಬೇಡವೇ ಬೇಡ, ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ. ಬಿಚ್ಚಿಡಲು ಬರುವ ಟೊಪ್ಪಿಗೆ ಇದ್ದರೆ ಸರಿ. ಇಲ್ಲದಿದ್ದರೆ ಟೊಪ್ಪಿಗೆ ಇಲ್ಲದ ಎತ್ತರದ ಕಾಲರ್‌ನ ಜಾಕೆಟ್ಟೇ ವಾಸಿ.

ಮೂರನೆಯದು ಬಿಗಿತ. ಮಣಿಕಟ್ಟಿನಲ್ಲಿ ವೆಲ್ಕ್ರೋ ಅಥವಾ ಎಲಾಸ್ಟಿಕ್, ಸೊಂಟದಲ್ಲಿ ಎಳೆದು ಕಟ್ಟುವ ದಾರ. ಆ ದಾರದ ತುದಿ ಹೊರಗೆ ನೇತಾಡಬಾರದು, ಒಳಗೆ ಸಿಕ್ಕಿಸಿ. ಜಿಪ್ಪಿನ ಮೇಲೆ ಇನ್ನೊಂದು ಪಟ್ಟಿ ಬಟ್ಟೆ ಇದ್ದರೆ ಗಾಳಿ ಹಲ್ಲುಗಳ ಮಧ್ಯೆ ನುಗ್ಗುವುದಿಲ್ಲ.

ಹೊಸ ಜಾಕೆಟ್ ತಂದ ದಿನವೇ ತೊಟ್ಟು ಹತ್ತಬೇಡಿ. ಲಾಯದಲ್ಲಿ ಕುದುರೆಗೆ ಮೂಸಲು ಕೊಡಿ. ಮಡಚಿ ಅದರ ಭುಜಕ್ಕೆ, ಪಕ್ಕೆಗೆ ಮೆಲ್ಲಗೆ ಉಜ್ಜಿ. ಆಮೇಲೆ ತೊಟ್ಟು ಪಕ್ಕದಲ್ಲಿ ಓಡಾಡಿ, ಜಿಪ್ಪು ಎಳೆದು ಸದ್ದು ಮಾಡಿ. ತಲೆ ತಗ್ಗಿಸಿ ಮೇವು ತಿನ್ನುತ್ತಿದ್ದರೆ ಒಪ್ಪಿಕೊಂಡಿತು ಅಂತ.

ಮಳೆಯ ಜಾಕೆಟ್ಟಿನ ಮೇಲೆ 5000, 10000 ಅಂತ ಬರೆದಿರುತ್ತಾರೆ. ಏನದು?

ಅದು ಮಿಲಿಮೀಟರ್ ಲೆಕ್ಕ. ಬಟ್ಟೆಯ ಮೇಲೆ ಅಷ್ಟು ಎತ್ತರ ನೀರು ನಿಲ್ಲಿಸಿದರೂ ತೊಟ್ಟಿಕ್ಕುವುದಿಲ್ಲ ಅಂತ. 10000 ಅಂದರೆ 10 ಮೀಟರ್ ನೀರು. ಸುಮ್ಮನೆ ಮೇಲಿಂದ ಬೀಳುವ ಮಳೆಗೆ 5000 ಸಾಕು. ಸವಾರರಿಗೆ 10000 ಬೇಕು ಅನ್ನುವುದಕ್ಕೆ ಕಾರಣವಿದೆ. ಜೀನಿನ ಮೇಲೆ ಕೂತ ಕಡೆ, ತೊಡೆ ಒತ್ತುವ ಕಡೆ ಬಟ್ಟೆಯ ಮೇಲೆ ಮೈ ಭಾರ ಬೀಳುತ್ತದೆ. ಆ ಒತ್ತಡಕ್ಕೆ ನೀರು ಒಳಗೆ ನುಗ್ಗುತ್ತದೆ.

ಇನ್ನೊಂದು ಅಂಕಿ ಗ್ರಾಂ ಲೆಕ್ಕದಲ್ಲಿರುತ್ತದೆ. ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಬೆವರಿನ ಆವಿ ಹೊರಗೆ ಹೋಗುತ್ತದೆ ಅಂತ. ನಮ್ಮ ಹವೆಗೆ ಈ ಅಂಕಿಯೇ ಹೆಚ್ಚು ಮುಖ್ಯ. ಚಿತ್ರದುರ್ಗ, ದಾವಣಗೆರೆ ಎರಡೂ ಮಲೆನಾಡಿನ ಮಳೆ ನೆರಳಿನ ಜಿಲ್ಲೆಗಳು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಚಳ್ಳಕೆರೆ, ಹಿರಿಯೂರು ಕಡೆ ಇನ್ನೂ ಕಡಿಮೆ, ಚನ್ನಗಿರಿ, ಹೊನ್ನಾಳಿ ಕಡೆ ಜಾಸ್ತಿ. ಹೆಚ್ಚು ಮಳೆ ಸುರಿಯುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಳಿ ಇರುವುದಿಲ್ಲ, ಸೆಕೆ ಇರುತ್ತದೆ. ಗಾಳಿಯಾಡದ ಜಾಕೆಟ್ ಹಾಕಿದರೆ ಹೊರಗಿನ ಮಳೆಗಿಂತ ಒಳಗಿನ ಬೆವರಿಗೇ ಜಾಸ್ತಿ ಒದ್ದೆಯಾಗುತ್ತೀರಿ. ಕಂಕುಳಲ್ಲಿ ಜಿಪ್ಪು ಇದ್ದರೆ ತೆರೆದಿಟ್ಟುಕೊಳ್ಳಿ.

ಬಟ್ಟೆ ಎಷ್ಟೇ ಚೆನ್ನಾಗಿರಲಿ, ಒಳಗಡೆ ಹೊಲಿಗೆಯ ಮೇಲೆ ಟೇಪು ಅಂಟಿಸಿಲ್ಲದಿದ್ದರೆ ಸೂಜಿ ತೂತುಗಳಿಂದ ನೀರು ಬರುತ್ತದೆ. ಜಾಕೆಟ್ ಒಳಮಗ್ಗುಲು ತಿರುಗಿಸಿ ಭುಜದ ಹೊಲಿಗೆ ನೋಡಿ.

ಸ್ಕೂಟರ್‌ಗೆ ಹಾಕುವ ರೇನ್‌ಕೋಟ್? ಪೊಂಚೊ? ಕೊಡೆ?

ರೇನ್‌ಕೋಟ್ ಸದ್ದು ಮಾಡುತ್ತದೆ, ಬೆವರು ಹಿಡಿದಿಡುತ್ತದೆ, ಆದರೂ ನಡಿಗೆಯಲ್ಲಿ ಲಾಯ ಮುಟ್ಟುವಷ್ಟು ದೂರಕ್ಕೆ ಪರವಾಗಿಲ್ಲ, ಕುದುರೆಗೆ ರೂಢಿಯಿದ್ದರೆ. ತಲೆಯ ಮೇಲಿಂದ ಇಳಿಬಿಡುವ ತೋಳಿಲ್ಲದ ಹೊದಿಕೆಯಾದ ಪೊಂಚೊ ಗಾಳಿಗೆ ಎದ್ದು ಕುದುರೆಯ ಕಣ್ಣಿಗೆ ಬೀಳುತ್ತದೆ, ಬೇಡ. ಕೊಡೆಯ ಬಗ್ಗೆ ಕೇಳಿದವರು ತಮಾಷೆಗೆ ಕೇಳಿದ್ದಾರೆ ಅಂದುಕೊಳ್ಳುತ್ತೇವೆ.

ಎರೆ ಹೊಲದ ದಾರಿಯವರಿಗೆ ಒಂದು ಮಾತು. ಮಳೆ ಬಿದ್ದ ಎರೆಮಣ್ಣು ಗೊರಸಿಗೆ ಮೆತ್ತಿಕೊಂಡು ಕುದುರೆ ಜಾರುತ್ತದೆ. ಜಾಕೆಟ್ ಎಷ್ಟು ಸಾವಿರದ್ದಾದರೂ ಆ ದಿನ ಸವಾರಿ ಬೇಡ.

ಚಳಿಗಾಲಕ್ಕೆ ಎಷ್ಟು ದಪ್ಪದ್ದು ಬೇಕು?

ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 15–16 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ಹತ್ತು ಗಂಟೆಗೆ ಬಿಸಿಲು ಚುರುಕಾಗಿರುತ್ತದೆ. ಹೀಗೆ ನಾಲ್ಕು ಗಂಟೆಯಲ್ಲಿ ಹತ್ತು ಡಿಗ್ರಿ ಏರುವ ಊರಿನಲ್ಲಿ ಒಂದೇ ದಪ್ಪ ಜರ್ಕಿನ್ ನಂಬಿಕೊಂಡರೆ ಮೊದಲ ಅರ್ಧ ಗಂಟೆ ಸುಖ, ಆಮೇಲೆ ಬೇಯುವುದೇ.

ಮೂರು ತೆಳು ಪದರ ಹಾಕಿ. ಮೈಗೆ ತಾಗುವುದು ಬೆವರು ಹೀರಿ ಬೇಗ ಒಣಗುವ ಬನಿಯನ್. ಇಲ್ಲಿ ಹತ್ತಿ ಬೇಡ. ಬೇಸಿಗೆಯಲ್ಲಿ ತಂಪು ಕೊಟ್ಟ ಒದ್ದೆ ಹತ್ತಿಯೇ ಈಗ ಚಳಿ ಹಿಡಿಸುತ್ತದೆ. ಅದರ ಮೇಲೆ ತೆಳು ಉಣ್ಣೆ ಸ್ವೆಟರ್ ಅಥವಾ ಫ್ಲೀಸ್. ಹೊರಗೆ ಆ ಗಾಳಿ ತಡೆಯುವ ಜಾಕೆಟ್. ತೋಳಿಲ್ಲದ ಸ್ವೆಟರ್ ಸವಾರರಿಗೆ ಇನ್ನೂ ಚೆನ್ನ. ಎದೆ ಬೆಚ್ಚಗಿರುತ್ತದೆ, ಕೈ ಆಡಲು ಸಲೀಸು.

ಬೆಳಗ್ಗೆ ಹತ್ತುವಾಗ ಸ್ವಲ್ಪ ಚಳಿ ಅನ್ನಿಸಬೇಕು, ಅದು ಸರಿಯಾದ ಲೆಕ್ಕ. ಹತ್ತು ನಿಮಿಷ ಟ್ರಾಟ್ ಮಾಡಿದ ಮೇಲೆ ಸರಿಹೋಗುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಆ ಹೊತ್ತಿಗೆ ಮಧ್ಯದ ಪದರ ಪೆಟ್ಟಿಗೆಗೆ ಹಾಕಿ. ಗಾಳಿ ಜಾಕೆಟ್ಟನ್ನು ಕೈಗೆ ಸಿಗುವ ಹಾಗೇ ಇಡಿ.

ಜೋಗಿಮಟ್ಟಿ ಕಡೆ ಹೋದರೆ?

ಚಿತ್ರದುರ್ಗ ಪಟ್ಟಣ ಇರುವುದು ಸುಮಾರು 730 ಮೀಟರ್ ಎತ್ತರದಲ್ಲಿ. ಜೋಗಿಮಟ್ಟಿ ಬೆಟ್ಟದ ತುದಿ 1300 ಮೀಟರಿಗೂ ಮೇಲೆ. ಎತ್ತರ ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ. ಆ ಲೆಕ್ಕಕ್ಕೆ ಮೇಲೆ ಸುಮಾರು ನಾಲ್ಕು ಡಿಗ್ರಿ ಕಡಿಮೆ, ಗಾಳಿ ಬೇರೆ. ಒಂದು ಪದರ ಜಾಸ್ತಿ ಒಯ್ಯಿರಿ. ಅದು ಕಾಯ್ದಿಟ್ಟ ಕಾಡು, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕುದುರೆ ಒಯ್ಯುವಂತಿಲ್ಲ.

ಸೆಕೆಯಾಯಿತು. ಕುದುರೆ ಮೇಲೆ ಕೂತೇ ಜಾಕೆಟ್ ತೆಗೆಯಬಹುದಾ?

ಬೇಡ. ಇಳಿದು ತೆಗೆಯಿರಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಏನಾಗುತ್ತದೆ ನೋಡಿ. ಲಗಾಮನ್ನು ಕುದುರೆಯ ಕುತ್ತಿಗೆ ಮೇಲೆ ಬಿಡುತ್ತೀರಿ. ಜಿಪ್ಪು ಇಳಿಸಿ ಎರಡೂ ಭುಜದಿಂದ ಜಾಕೆಟ್ ಹಿಂದಕ್ಕೆ ಜಾರಿಸುತ್ತೀರಿ. ಆ ಕ್ಷಣ ಎರಡೂ ಮೊಣಕೈ ಬೆನ್ನ ಹಿಂದೆ, ಕೈ ತೋಳಿನೊಳಗೆ, ಕಟ್ಟಿಹಾಕಿದ ಹಾಗೆ. ಮಣಿಕಟ್ಟಿನ ಎಲಾಸ್ಟಿಕ್ ಬಿಗಿಯಿದ್ದರೆ ಕೈ ಹೊರಗೆ ಬರುವುದೇ ಇಲ್ಲ. ಕುದುರೆಗೆ ತಲೆಯ ಎರಡೂ ಪಕ್ಕದಲ್ಲಿ ಕಣ್ಣಿದೆ, ತನ್ನ ಬೆನ್ನಿನ ಮೇಲೆ ಏನೋ ದೊಡ್ಡದು ರೆಕ್ಕೆ ಬಿಚ್ಚುವುದು ಅದಕ್ಕೆ ಕಾಣುತ್ತದೆ. ಅದು ಮುಂದಕ್ಕೆ ನೆಗೆದರೆ ಲಗಾಮು ಹಿಡಿಯಲು, ಬಿದ್ದರೆ ಊರಲು ನಿಮಗೆ ಕೈಯೇ ಇಲ್ಲ. ಎಷ್ಟೇ ಸಾಧು ಕುದುರೆಯಾದರೂ ಇದೇ ನಿಯಮ.

ತೆಗೆದ ಜಾಕೆಟ್ಟನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದೂ ಬೇಡ, ಗಂಟು ಸಡಿಲಾಗಿ ಕುದುರೆಯ ಹಿಂಗಾಲ ಹತ್ತಿರ ಜಾರುತ್ತದೆ. ಬಿಗಿಯಾಗಿ ಸುರುಳಿ ಸುತ್ತಿ ಜೀನಿನ ರಿಂಗಿಗೆ ಎರಡು ಕಡೆ ಪಟ್ಟಿಯಿಂದ ಕಟ್ಟಿ.

ಬಾಡಿ ಪ್ರೊಟೆಕ್ಟರ್ ಜಾಕೆಟ್ಟಿನ ಒಳಗಾ, ಹೊರಗಾ?

ಫೋಮಿನದಾದರೆ ತೆಳು ಜಾಕೆಟ್ಟಿನ ಮೇಲೆ ಹಾಕಿ, ಅಥವಾ ಅಂಗಿಯ ಮೇಲೆ ಹಾಕಿ ಹೊರಗೆ ಸಡಿಲ ಜಾಕೆಟ್ ತೊಡಿ. ದಪ್ಪ ಜರ್ಕಿನ್ ಮೇಲೆ ಮಾತ್ರ ಹಾಕಬೇಡಿ. ಒಳಗಿನ ಬಟ್ಟೆ ಕುಸಿದು ಪ್ರೊಟೆಕ್ಟರ್ ಜಾಗ ಬಿಟ್ಟು ಸರಿಯುತ್ತದೆ. ಕೊಳ್ಳುವಾಗ ಇಎನ್ 13158 ಅನ್ನುವ ಗುರುತು, ಅದರಲ್ಲಿ 3ನೇ ಮಟ್ಟ ನೋಡಿ. ಕುದುರೆ ಸವಾರಿಗೆಂದೇ ಇರುವ ಯುರೋಪಿನ ಮಾನದಂಡ ಅದು. ಚಳಿಯಲ್ಲಿ ಈ ಫೋಮು ಗಟ್ಟಿಯಾಗಿರುತ್ತದೆ. ತೊಟ್ಟು ಐದು ನಿಮಿಷ ಓಡಾಡಿ ಮೈ ಶಾಖಕ್ಕೆ ಮೆತ್ತಗಾದ ಮೇಲೆ ಪಟ್ಟಿ ಬಿಗಿಯಿರಿ. ದೊಡ್ಡ ಪೆಟ್ಟು ಬಿದ್ದಿದ್ದರೆ, ಫೋಮಿನ ತಗ್ಗು ಮತ್ತೆ ಏಳದಿದ್ದರೆ ಬದಲಿಸಿ. ಬೀಳದಿದ್ದರೂ 3ರಿಂದ 5 ವರ್ಷಕ್ಕೆ ಬದಲಿಸುವುದು ರೂಢಿ.

ಗಾಳಿ ತುಂಬುವ ಏರ್ ವೆಸ್ಟ್ ಬೇರೆ ಥರ. ಅದರ ಹುರಿಯನ್ನು ಜೀನಿಗೆ ಸಿಕ್ಕಿಸಿರುತ್ತೀರಿ. ಬಿದ್ದಾಗ ಹುರಿ ಎಳೆದು, ಅನಿಲದ ಸಿಲಿಂಡರ್ ತೆರೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬುತ್ತದೆ. ಅದರ ಮೇಲೆ ಬಿಗಿ ಜಾಕೆಟ್ ಹಾಕಿದರೆ ಹೊರಗೆ ಉಬ್ಬಲು ಜಾಗವಿಲ್ಲದೆ ಒಳಕ್ಕೆ ಎದೆಯನ್ನು ಒತ್ತುತ್ತದೆ. ಅದಕ್ಕೆಂದೇ ಮಾಡಿದ ಜಾಕೆಟ್ ಹೊರತು ಬೇರೆ ಯಾವುದನ್ನೂ ಮೇಲೆ ಹಾಕಬೇಡಿ. ಇಳಿಯುವ ಮುನ್ನ ಹುರಿ ಬಿಚ್ಚಿ. ಮರೆತರೆ ಢಬ್ ಅನ್ನುತ್ತದೆ, ಆಮೇಲೆ ಕುದುರೆ ಎಲ್ಲಿ ಅಂತ ಹುಡುಕಬೇಕು.

ಹೆಲ್ಮೆಟ್ ಬಗ್ಗೆ ಯಾರೂ ಕೇಳಿಲ್ಲ. ಆದರೂ ಹೇಳುತ್ತೇವೆ. ಮೊದಲ ದುಡ್ಡು ಅದಕ್ಕೆ, ಉಳಿದರೆ ಜಾಕೆಟ್ಟಿಗೆ.

ಮಗ ಬೆಳೆಯುತ್ತಾನೆ. ಎರಡು ಸೈಜ್ ದೊಡ್ಡದು ಕೊಡಿಸಲಾ?

ಶಾಲೆಯ ಯೂನಿಫಾರಂಗೆ ಸರಿ, ಇದಕ್ಕಲ್ಲ. ಕೈ ಮುಚ್ಚುವ ತೋಳಿನಿಂದ ಲಗಾಮು ಜಾರುತ್ತದೆ. ಕೆಳಗಿನ ಅಂಚು ಜೀನಿಗೆ ಸಿಕ್ಕಿಕೊಳ್ಳುತ್ತದೆ. ಜಾಕೆಟ್ ಒಂದು ಸೈಜ್ ದೊಡ್ಡದಿರಲಿ, ತೋಳು ಒಳಕ್ಕೆ ಮಡಚಿ ಹೊಲಿಸಿ. ಬಾಡಿ ಪ್ರೊಟೆಕ್ಟರ್, ಹೆಲ್ಮೆಟ್ ಮಾತ್ರ ಇವತ್ತಿನ ಅಳತೆಗೇ ಇರಬೇಕು.

ಚೂಡಿದಾರ್ ಮೇಲೆ ಜಾಕೆಟ್ ಹಾಕಿ ಹತ್ತಬಹುದಾ?

ಕುರ್ತಾದ ಪಕ್ಕದ ಸೀಳು ಸೊಂಟದವರೆಗೆ ಇದ್ದರೆ ಹತ್ತಬಹುದು. ದುಪಟ್ಟಾ ಮನೆಯಲ್ಲಿರಲಿ. ಜಡೆಯನ್ನು ಜಾಕೆಟ್ ಒಳಗೆ ಸೇರಿಸಿ.

ಇಲ್ಲಿ ಎಲ್ಲಿ ಸಿಗುತ್ತದೆ? ಟೈಲರ್ ಹತ್ತಿರ ಹೊಲಿಸಬಹುದಾ?

ಕುದುರೆ ಸಾಮಾನಿನದೇ ಅಂಗಡಿ ಬೇಕೆಂದರೆ ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಆನ್‌ಲೈನ್. ಡೆಕಥ್ಲಾನ್‌ನವರ ಫೌಗಾಂಜಾ ಬ್ರ್ಯಾಂಡು ಕುದುರೆ ಸವಾರಿಗೆಂದೇ ಇರುವುದು, ಕಲಿಯುವವರಿಗೆ ಸಾಕಾಗುತ್ತದೆ. ಜೀನು, ಲಗಾಮಿಗೆ ಹೆಸರಾದ ಕಾನ್ಪುರದ ತಯಾರಕರಲ್ಲಿ ಕೆಲವರು ಬಟ್ಟೆಯನ್ನೂ ಮಾಡುತ್ತಾರೆ.

ಸವಾರಿಯ ಹೆಸರಿಲ್ಲದ ಜಾಕೆಟ್ಟೂ ಆದೀತು. ಓಟಗಾರರಿಗೆ, ಸೈಕಲ್ ತುಳಿಯುವವರಿಗೆ ಮಾಡಿದ ಗಾಳಿ ಜಾಕೆಟ್ ಅರ್ಧ ಬೆಲೆಗೆ ಸಿಗುತ್ತದೆ. ಹಿಂದೆ ಉದ್ದ ಜಾಸ್ತಿಯಿದ್ದರೆ ನಮ್ಮ ಟೈಲರ್‌ಗಳಿಗೆ ಕೊಡಿ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯಲ್ಲಿ ಬಟ್ಟೆ ತಿಳಿದ ಕೈಗಳಿಗೆ ಬರವಿಲ್ಲ. ಹೇಳುವುದನ್ನು ಸರಿಯಾಗಿ ಹೇಳಿ: ಹಿಂಭಾಗದ ನಡುವೆ, ಇಲ್ಲವೇ ಎರಡೂ ಪಕ್ಕದ ಹೊಲಿಗೆಯಲ್ಲಿ, ಒಂದು ಗೇಣು ಸೀಳು ಬಿಡಬೇಕು. ಸೀಳಿನ ತಲೆಗೆ ತ್ರಿಕೋನದ ತುಂಡು ಬಟ್ಟೆ ಕೊಟ್ಟು ಹೊಲಿಯಬೇಕು, ಇಲ್ಲದಿದ್ದರೆ ಮೊದಲ ಸಲ ಹತ್ತಿದಾಗಲೇ ಮೇಲಕ್ಕೆ ಹರಿಯುತ್ತದೆ. ಸೀಳಿನ ಕೆಳಗೆ ಒಂದು ಟಿಚ್ ಬಟನ್ ಇಡಿಸಿದರೆ ನಡೆಯುವಾಗ ಮುಚ್ಚಬಹುದು. ಮಳೆಯ ಜಾಕೆಟ್ಟಿಗೆ ಈ ಕತ್ತರಿ ಕೆಲಸ ಮಾಡಿಸಬೇಡಿ, ಹೊಸ ಹೊಲಿಗೆಯಲ್ಲೆಲ್ಲ ಸೋರುತ್ತದೆ.

ಜಾಲಿ ಮುಳ್ಳಿಗೆ ಜಾಕೆಟ್ ಹರಿಯುತ್ತಿದೆ. ಏನು ಮಾಡುವುದು?

ಕೆರೆ ಏರಿ, ಹಳ್ಳದ ದಾರಿಯಲ್ಲಿ ಬಳ್ಳಾರಿ ಜಾಲಿ ಸರಿಯಾಗಿ ಸವಾರನ ಭುಜದ ಎತ್ತರಕ್ಕೇ ಚಾಚಿಕೊಂಡಿರುತ್ತದೆ. ಚಿಕ್ಕ ಚೌಕಳಿ ನೇಯ್ಗೆಯ ರಿಪ್‌ಸ್ಟಾಪ್ ಬಟ್ಟೆ ತೂತಾದರೂ ಹರಿದುಕೊಂಡು ಹೋಗುವುದಿಲ್ಲ. ಪುಕ್ಕ ತುಂಬಿದ ಜಾಕೆಟ್ ಇಲ್ಲಿಗೆ ಆಗುವುದೇ ಇಲ್ಲ, ಒಂದು ಗೀರಿಗೆ ಪುಕ್ಕ ಹಾರುತ್ತದೆ. ಸಣ್ಣ ತೂತಿಗೆ ಒಳಗೂ ಹೊರಗೂ ಅಂಟುವ ನೈಲಾನ್ ಪಟ್ಟಿ ಹಾಕಿ, ಮೂಲೆ ದುಂಡಗೆ ಕತ್ತರಿಸಿ. ಚೂಪು ಮೂಲೆ ಬೇಗ ಏಳುತ್ತದೆ.

ಮನೆಗೆ ಬಂದ ಮೇಲೆ ತೋಳು, ಬೆನ್ನು ಕೈಯಿಂದ ಸವರಿ ನೋಡಿ. ಮುರಿದ ಮುಳ್ಳು ಬಟ್ಟೆಯಲ್ಲೇ ಉಳಿದಿರುತ್ತದೆ. ಆ ಜಾಕೆಟ್ಟನ್ನು ಕುದುರೆಯ ಬೆನ್ನಿನ ಮೇಲೆ ಹಾಕಿ ಮೇಲೆ ಜೀನು ಬಿಗಿದರೆ ಮುಂದಿನದು ನೀವೇ ಊಹಿಸಿ.

ನಸುಕಿನಲ್ಲಿ ರಸ್ತೆ ದಾಟಬೇಕು. ಬಣ್ಣ ಯಾವುದಿರಲಿ?

ಮಿರುಗುವ ಹಳದಿ ವೇಸ್ಟ್‌ಕೋಟು ಮೇಲೊಂದು ಹಾಕಿಕೊಳ್ಳಿ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರಲಿ. ರಸ್ತೆ ಕೆಲಸದವರು ಹಾಕುವುದೇ ಸಾಕು. ಪಟ್ಟಿ ಕುದುರೆಯ ಕಾಲಿಗೂ ಕಟ್ಟಿ, ಲಾರಿಯ ದೀಪ ಮೊದಲು ಬೀಳುವುದು ಕೆಳಗೆ. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಕುದುರೆ ತರಲೇಬೇಡಿ, ಅಂಡರ್‌ಪಾಸ್‌ನಲ್ಲಿ ಇಳಿದು ನಡೆಸಿಕೊಂಡು ಹೋಗಿ.

ಸ್ಪರ್ಧೆಗೆ ಹೋಗುವವರಿಗೆ?

ಅಲ್ಲಿ ಆಯ್ಕೆ ನಿಮ್ಮದಲ್ಲ, ನಿಯಮದ್ದು. ಜಂಪಿಂಗ್ (ಅಡೆತಡೆ ಹಾರಿಸುವುದು), ಡ್ರೆಸಾಜ್ (ಕುದುರೆಯ ನಡೆ, ತಿರುವುಗಳ ಪ್ರದರ್ಶನ) ಎರಡಕ್ಕೂ ಮೈಗೆ ಕೂರುವ ಶೋ ಜಾಕೆಟ್ ಬೇಕು. ಕಪ್ಪು ಅಥವಾ ಕಡುನೀಲಿ ಕೊಂಡರೆ ಎಲ್ಲಿಯೂ ತಕರಾರಿಲ್ಲ. ಉಣ್ಣೆಯದು ಬೇಡ, ಹಿಗ್ಗುವ ತೆಳು ಪಾಲಿಯೆಸ್ಟರ್‌ನದು ನೋಡಿ. ಸೆಕೆ ವಿಪರೀತವಿದ್ದರೆ ಜಾಕೆಟ್ ಇಲ್ಲದೆ ಸವಾರಿ ಮಾಡಲು ತೀರ್ಪುಗಾರರು ಒಪ್ಪಿಗೆ ಕೊಡುವುದುಂಟು. ಆದ್ದರಿಂದ ಒಳಗಿನ ಅಂಗಿಯೂ ಕಾಲರ್ ಇರುವ, ನೋಡುವಂಥದ್ದೇ ಇರಲಿ.

ಮದುವೆ ಮೆರವಣಿಗೆಗೆ ಕುದುರೆ ಏರಬೇಕು. ಶೇರ್ವಾನಿ ನಡೆಯುತ್ತಾ?

ಪಕ್ಕದ ಸೀಳು ಆಳವಿದ್ದರೆ ನಡೆಯುತ್ತದೆ. ಹೊಲಿಸುವಾಗಲೇ ಟೈಲರ್‌ಗೆ ಹೇಳಿ. ಹೆಗಲ ಮೇಲಿನ ಶಲ್ಯವನ್ನು ಪಿನ್ನು ಹಾಕಿ ಕೂರಿಸಿ, ಅದು ಕುದುರೆಯ ಕಣ್ಣ ಪಕ್ಕ ಹಾರಬಾರದು. ಪಟಾಕಿ ಹಚ್ಚುವ ಗೆಳೆಯರನ್ನು ಹಿಂದೆ ಇರಿಸಿ. ಕುದುರೆಯವರು ಲಗಾಮು ಬಿಡದಿರಲಿ.

ಒಗೆಯುವುದು ಹೇಗೆ?

ಮೊದಲು ಕೂದಲು ತೆಗೆಯಿರಿ. ಒದ್ದೆ ರಬ್ಬರ್ ಗ್ಲೌಸಿನಿಂದ ಸವರಿದರೆ ಕುದುರೆ ಕೂದಲೆಲ್ಲ ಉಂಡೆಯಾಗಿ ಬರುತ್ತದೆ. ಜಿಪ್ಪು ಮುಚ್ಚಿ, ತಣ್ಣೀರಿಗೆ ಸ್ವಲ್ಪ ಲಿಕ್ವಿಡ್ ಸೋಪು ಹಾಕಿ ಒಗೆಯಿರಿ. ಸೋಪು ಪುಡಿ, ಕಂಫರ್ಟ್ ಥರದ ಸುವಾಸನೆ ದ್ರಾವಣ ಬೇಡ. ಅವು ಬಟ್ಟೆಯ ಸಣ್ಣ ರಂಧ್ರ ಮುಚ್ಚುತ್ತವೆ. ಕಲ್ಲಿಗೆ ಕುಕ್ಕಬೇಡಿ, ಹಿಂಡಬೇಡಿ. ನೆರಳಲ್ಲಿ ಒಣಗಿಸಿ.

ಒಣಗಿದ ಮೇಲೆ ತೋಳಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಮುತ್ತಾಗಿ ಉರುಳಿದರೆ ಸರಿಯಿದೆ. ಹರಡಿಕೊಂಡು ಬಟ್ಟೆ ಕಪ್ಪಾದರೆ ಹೊರಪದರದ ಲೇಪ ಸೋತಿದೆ. ಲೇಬಲ್‌ನಲ್ಲಿ ಇಸ್ತ್ರಿ ಮಾಡಬಹುದು ಅಂತಿದ್ದರೆ ಮೇಲೆ ಒಂದು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ, ಲೇಪ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಆಗದಿದ್ದರೆ ಸ್ಪ್ರೇ ಸಿಗುತ್ತದೆ. ಮಳೆಗಾಲ ಮುಗಿದ ಮೇಲೆ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಅಟ್ಟಕ್ಕೆ ಎಸೆಯಬೇಡಿ. ಉಳಿದ ತೇವಕ್ಕೆ ಒಳಗಿನ ಪದರ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಹ್ಯಾಂಗರಿಗೆ ಹಾಕಿ ಗಾಳಿಯಾಡುವ ಕಡೆ ಇಡಿ.

ಕಂಬಳಿ ಕೊಪ್ಪೆ ಹಾಕಿಕೊಂಡು ಹತ್ತಬಾರದಾ? ಅಜ್ಜ ಅದರಲ್ಲೇ ಮಳೆಗಾಲ ಕಳೆದ.

ಕುರಿ ಕಾಯುವವರಿಗೆ ಅದಕ್ಕಿಂತ ಒಳ್ಳೆಯ ಜಾಕೆಟ್ ಯಾವ ಕಂಪನಿಯೂ ಮಾಡಿಲ್ಲ. ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ, ಸದ್ದಿಲ್ಲ, ಮುಳ್ಳಿಗೆ ಜಗ್ಗುವುದಿಲ್ಲ. ಆದರೆ ಕೊಪ್ಪೆಗೆ ತೋಳಿಲ್ಲ, ಕಟ್ಟಿಲ್ಲ. ನೆನೆದರೆ ಭಾರ ಏರುತ್ತದೆ. ಟ್ರಾಟ್‌ನಲ್ಲಿ ತಲೆಯಿಂದ ಜಾರಿ ಕುದುರೆಯ ಸೊಂಟದ ಮೇಲೆ ಬೀಳುತ್ತದೆ. ನಿಮಗೆ ಬೇಡ.

ಕುದುರೆಗೆ ಬೇಕು. ಆಷಾಢದಲ್ಲಿ, ಚಳಿಗಾಲದ ಬೆಳಗ್ಗೆ, ಬೆವತ ಕುದುರೆಯ ಜೀನು ತೆಗೆದು ಗಾಳಿಗೆ ನಿಲ್ಲಿಸಿದರೆ ಬೆನ್ನು, ಸೊಂಟದ ಸ್ನಾಯು ಬಿಗಿಯುತ್ತವೆ. ಚಳ್ಳಕೆರೆ ಕಡೆಯ ಕರಿ ಕಂಬಳಿಯೊಂದನ್ನು ಸೊಂಟದ ಮೇಲೆ ಹೊದಿಸಿ ಹತ್ತು ನಿಮಿಷ ಮೆಲ್ಲಗೆ ನಡೆಸಿ. ಉಣ್ಣೆ ಬೆವರು ಹೀರುತ್ತದೆ, ಗಾಳಿ ತಾಗಿಸುವುದಿಲ್ಲ. ಕೈ ಒಳಗೆ ಹಾಕಿ ನೋಡಿ. ಕೂದಲ ಬುಡ ಒಣಗಿದ ಮೇಲೆ ಕಂಬಳಿ ತೆಗೆದು ಬಿಸಿಲಿಗೆ ಹಾಕಿ. ಹಾಗೇ ಬಿಟ್ಟರೆ ಬಿಸಿಲೇರಿದಂತೆ ಕುದುರೆ ಅದರ ಕೆಳಗೆ ಮತ್ತೆ ಬೆವರುತ್ತದೆ.